ಎಲ್ ಮೇಜು, ಎಳ್ಳುನೀರು

ಮಧ್ಯಾಹ್ನ ಹನ್ನೆರಡೂವರೆಯಾದರೆ ನನ್ನ ಆಫೀಸು ಎತ್ತಂಗಡಿ. ಅಮ್ಮ ಅಡುಗೆಮನೆಯಿಂದ "ಬಾಳೆ ಹಾಕ್ಲಿಕ್ಕೆ ಆಯ್ತು" ಅಂದರೆ ಸಾಕು, ಲ್ಯಾಪ್‌ಟಾಪು, ಚಾರ್ಜರು, ಮೌಸು, ಅರ್ಧ ಕುಡಿದ ಕಾಫಿ ಎಲ್ಲ ಬಾಚಿಕೊಂಡು ಜಗಲಿಗೆ ಹೋಗಬೇಕು. ಕೆಲಸ ಬೆಂಗಳೂರಿನದ್ದು, ಮನೆ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ, ಮೇಜು ಊಟದ್ದು. ಎರಡು ವರ್ಷ ಹೀಗೇ ನಡೆಯಿತು. ಕೀಬೋರ್ಡಿನ ಸಂದಿಯಲ್ಲಿ ಒಗ್ಗರಣೆಯ ಸಾಸಿವೆ ಸಿಗುತ್ತಿತ್ತು. ಒಮ್ಮೆ ಮೀಟಿಂಗ್ ನಡೆಯುತ್ತಿರುವಾಗಲೇ ಅಪ್ಪ ನನ್ನ ಬೆನ್ನ ಹಿಂದೆ ಹಲಸಿನ ಹಣ್ಣು ಇಟ್ಟುಕೊಂಡು ಕೊಯ್ಯಲು ಕೂತರು. ಬಕ್ಕೆ ಯಾವುದು, ತುಳುವ ಯಾವುದು ಅಂತ ಬೆಂಗಳೂರಿನವರಿಗೆ ವಿವರಿಸುವುದರಲ್ಲೇ ಅರ್ಧ ಗಂಟೆ ಹೋಯಿತು. ಪ್ರಾಜೆಕ್ಟಿನ ಬಗ್ಗೆ ಆ ದಿನ ಯಾರೂ ಕೇಳಲಿಲ್ಲ, ಅದು ಬೇರೆ.

ಎಲ್ ಆಕಾರದ ಮೇಜು ತರಿಸುವುದು ಅಂತ ಅವತ್ತೇ ತೀರ್ಮಾನ ಮಾಡಿದೆ. ಫೋನಿನಲ್ಲಿ ಚಿತ್ರ ನೋಡಿದ್ದೆ. ಬಿಳಿ ಗೋಡೆ, ಮೂಲೆಗೆ ಅಂಟಿಕೊಂಡ ಮೇಜು, ಅದರ ಮೇಲೆ ಪುಟ್ಟ ಗಿಡ. ಒಂದು ಕೈಯಲ್ಲಿ ಕಂಪ್ಯೂಟರು, ಇನ್ನೊಂದು ಕೈಯಲ್ಲಿ ಕಾಗದ ಪತ್ರ. ಅದರ ಮುಂದೆ ಕೂತವನ ಬೆನ್ನು ಅಡಿಕೆ ಮರದ ಹಾಗೆ ನೆಟ್ಟಗಿತ್ತು.

ಅಜ್ಜಿಗೆ ವಿಷಯ ಹೇಳಿದೆ.

"ಎಳ್ಳು ಮೇಜಾ? ಎಳ್ಳು ಒಣಗಿಸ್ಲಿಕ್ಕೆ ಮೇಜು ಎಂತಕ್ಕೆ ಮಗಾ, ಗೆರಸೆ ಸಾಕಲ್ವಾ?"

ಎಳ್ಳಲ್ಲ ಅಜ್ಜಿ, ಎಲ್, ಇಂಗ್ಲಿಷ್ ಅಕ್ಷರ ಅಂತ ಗಾಳಿಯಲ್ಲಿ ಬರೆದು ತೋರಿಸಿದೆ.

"ದುಡ್ಡೆಷ್ಟು?"

"11,000."

"ಹಾಗಾದ್ರೆ ಎಳ್ಳು ಅಂದದ್ದೇ ಸರಿ. ಇನ್ನು ನೀರೊಂದು ಬಿಟ್ರಾಯ್ತು."

ಮೇಜು ಇಡುವುದು ಪತ್ತಾಯದ ಕೋಣೆಯಲ್ಲಿ. ಹಿಂದೆ ಭತ್ತ ತುಂಬುವ ಪತ್ತಾಯ ಅಲ್ಲಿತ್ತು. ಗದ್ದೆಗಳೆಲ್ಲ ಅಡಿಕೆ ತೋಟವಾದ ಮೇಲೆ ಪತ್ತಾಯ ಹೋಯಿತು, ಹೆಸರು ಉಳಿಯಿತು. ಟೇಪು ಹಿಡಿದು ಅಳತೆ ತೆಗೆದೆ. ಆಚೆ ತುದಿ ಹಿಡಿದುಕೊಳ್ಳಲು ಅಜ್ಜಿಯನ್ನು ನಿಲ್ಲಿಸಿದ್ದೆ. ನಡುವೆ ಅವರಿಗೆ ಎಲೆ ಅಡಿಕೆಯ ನೆನಪಾಗಿ ತುದಿ ಬಿಟ್ಟರು, ಟೇಪು ಸರ್ರನೆ ಬಂದು ನನ್ನ ಹೆಬ್ಬೆರಳಿಗೆ ಬಡಿಯಿತು. ಅಂತೂ ಉದ್ದದ ಕೈ 140 ಸೆಂಟಿಮೀಟರು, ಗಿಡ್ಡ ಕೈ 120 ಅಂತ ಲೆಕ್ಕ ಸಿಕ್ಕಿತು.

ಆರ್ಡರ್ ಮಾಡುವಾಗ ಗಿಡ್ಡ ಕೈ ಎಡಕ್ಕೆ ಬೇಕೋ ಬಲಕ್ಕೆ ಬೇಕೋ ಅಂತ ಕೇಳಿದರು. ಯಾರ ಎಡ? ಕೂತವನದ್ದೋ, ಎದುರು ನಿಂತು ನೋಡುವವನದ್ದೋ? ಖಾಲಿ ಕೋಣೆಯ ಮೂಲೆಯಲ್ಲಿ ನಿಂತು ಒಂದು ಕೈ ಮುಂದೆ, ಒಂದು ಕೈ ಪಕ್ಕಕ್ಕೆ ಚಾಚಿ, ತಿರುಗಿ ತಿರುಗಿ ನೋಡಿದೆ. ಅಮ್ಮ ಬಾಗಿಲಿಗೆ ಬಂದು "ಎಂತ, ಯೋಗವಾ?" ಅಂತ ಕೇಳಿ ಹೋದರು. ಕೊನೆಗೆ ಎರಡು ಕಡೆಗೂ ಜೋಡಿಸಬಹುದಾದದ್ದನ್ನೇ ತರಿಸಿದೆ. ನನ್ನ ಬುದ್ಧಿ ಕೆಲಸ ಮಾಡಿದ್ದು ಅಲ್ಲಿ ಮಾತ್ರ.

ಜೂನ್ ತಿಂಗಳಲ್ಲಿ ಮರದ ಸಾಮಾನು ತರಿಸುವವರು ನಮ್ಮಲ್ಲಿ ಯಾರೂ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ ಇದು. ಶನಿವಾರ ಬೆಳಿಗ್ಗೆ ಹೊರಗೆ ಕಪ್ಪಗೆ ಹೊಯ್ಯುತ್ತಿರುವಾಗ ಮೇಜು ತಂದವನ ಫೋನು ಬಂತು.

"ಚೇಟ್ಟಾ, ವೀಡ್ ಏಡ್ಯಾ?"

ಮನೆ ಎಲ್ಲಿ ಅಂತ ಅವನು ಮಲಯಾಳದಲ್ಲಿ ಕೇಳಿದ, ನಾನು ಕನ್ನಡದಲ್ಲಿ ಹೇಳಿದೆ, ಆಮೇಲೆ ಇಬ್ಬರೂ ತುಳುವಿಗೆ ಇಳಿದೆವು. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣ ಮಾಡುವವರೆಲ್ಲ ಹೇಳುತ್ತಾರೆ. ಏಳರಲ್ಲಿ ಮೂರು ಮುಗಿದರೂ ನಮ್ಮ ಮನೆಯ ದಾರಿ ಅವನಿಗೆ ತಲುಪಲಿಲ್ಲ. ಅವನ ಮ್ಯಾಪಿನ ಪ್ರಕಾರ ನಾವು ತೋಡಿನ ನಡುವೆ ವಾಸವಾಗಿದ್ದೇವೆ. ಆ ಮಳೆಗೆ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಕಡೆಗೆ ಎರಡು ಪೆಟ್ಟಿಗೆಗಳನ್ನು ರಸ್ತೆ ಬದಿಯ ಅಂಗಡಿಯ ಜಗಲಿಯಲ್ಲಿ ಇಳಿಸಿ ಹೋದ. ಒಟ್ಟು 42 ಕಿಲೋ. ಪಿಕಪ್ಪಿನವನು ನಮ್ಮ ಏರು ನೋಡಿ ಅರ್ಧದಲ್ಲೇ ಕೈಮುಗಿದ. ಉಳಿದ ದಾರಿಗೆ ಅಪ್ಪ ಬೈರಾಸಿನ ಸಿಂಬೆ ಸುತ್ತಿ ತಲೆಗಿಟ್ಟು ದೊಡ್ಡದನ್ನು ಹೊತ್ತರು. ಸಣ್ಣದು ನನಗೆ. ಮೇಲೆ ಅಡಿಕೆ ಮುಚ್ಚುವ ಟರ್ಪಾಲು. ಅದರ ಯಾವ ಮೂಲೆಯಲ್ಲಿ ತೂತು ಉಂಟು ಅಂತ ಅಪ್ಪನಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಕುತ್ತಿಗೆಯೊಳಗೆ ನೀರು ಇಳಿದಾಗ.

ಪೆಟ್ಟಿಗೆ ಬಿಚ್ಚಿದ್ದು ಚಾವಡಿಯಲ್ಲಿ. ಪತ್ತಾಯದ ಕೋಣೆ ಕತ್ತಲೆ, ಅಷ್ಟರಲ್ಲಿ ಕರೆಂಟೂ ಹೋಗಿತ್ತು. ಹಲಗೆಗಳು, ಕಬ್ಬಿಣದ ಕಾಲುಗಳು, ಒಂದು ಪೊಟ್ಟಣ ಸ್ಕ್ರೂ, ಎಂಟು ಪುಟದ ಒಂದು ಕಾಗದ. ಸಪ್ತಭಾಷೆಯಲ್ಲಿ ಒಂದೂ ಅದರಲ್ಲಿರಲಿಲ್ಲ. ಪೂರಾ ಚಿತ್ರ, ಅಲ್ಲಲ್ಲಿ ಇಂಗ್ಲಿಷ್ ಅಕ್ಷರ. ಚಿತ್ರದಲ್ಲಿ ಮುಖವಿಲ್ಲದ ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಹಲಗೆ ಎತ್ತುತ್ತಿದ್ದ. ಮುಖ ಯಾಕೆ ಬರೆದಿಲ್ಲ ಅಂತ ಸಂಜೆಯ ಹೊತ್ತಿಗೆ ನನಗೆ ಅರ್ಥವಾಯಿತು.

ಈ ಮೇಜುಗಳಲ್ಲಿ ಒಂದು ಗುಂಡು ಬೀಗ ಇರುತ್ತದೆ. ನಾಣ್ಯದಷ್ಟು ಅಗಲ, ತಲೆಯ ಮೇಲೆ ಒಂದು ಬಾಣದ ಗುರುತು. ಬಾಣ ಹಲಗೆಯ ಅಂಚಿನ ತೂತಿನ ಕಡೆ ನೋಡುವ ಹಾಗೆ ಅದನ್ನು ಕೂರಿಸಬೇಕು. ಆಚೆ ಹಲಗೆಯಿಂದ ಬಂದ ಕಬ್ಬಿಣದ ಕಡ್ಡಿಯ ತಲೆ ಅದರೊಳಗೆ ಹೊಕ್ಕ ಮೇಲೆ ಅರ್ಧ ಸುತ್ತು ತಿರುಗಿಸಿದರೆ, ಎರಡೂ ಹಲಗೆ ಎಳೆದು ಹಿಡಿದ ಹಾಗೆ ಬಿಗಿಯಾಗುತ್ತವೆ. ಅರ್ಧ ಸುತ್ತು ಮಾತ್ರ. ಬಾವಿಯ ಪಂಪು ಬಿಗಿ ಮಾಡಿ ಅಭ್ಯಾಸವಾದ ಕೈ ನನ್ನದು, ಅರ್ಧಕ್ಕೆ ನಿಲ್ಲಲಿಲ್ಲ. ಕರುಂ ಅಂತ ಸದ್ದು ಬಂತು. ತೂತಿನಿಂದ ಒಂದು ಚಿಟಿಕೆ ಹುಡಿ ಉದುರಿತು. ಅಜ್ಜಿ ಅದನ್ನು ಬೆರಳಲ್ಲಿ ತೆಗೆದುಕೊಂಡು ತಿಕ್ಕಿ ನೋಡಿದರು.

"ಇದು ಮರವಾ, ಅವಲಕ್ಕಿಯ ಹುಡಿಯಾ?"

ಪಾರ್ಟಿಕಲ್ ಬೋರ್ಡ್ ಅಜ್ಜಿ, ಮರದ ಹುಡಿಗೆ ಅಂಟು ಕಲಸಿ ಒತ್ತಿ ಮಾಡುವುದು ಅಂದೆ. "ಹಾಗಾದ್ರೆ ಹಪ್ಪಳದ ಜಾತಿ" ಅಂತ ಅವರು ಅದನ್ನು ಸೇರಿಸಬೇಕಾದ ಕಡೆ ಸೇರಿಸಿದರು.

ಸ್ಕ್ರೂಗಳನ್ನೆಲ್ಲ ಮೊದಲು ಸಡಿಲವಾಗಿ ಕೂರಿಸಿ, ಕೊನೆಗೆ ಒಟ್ಟಿಗೆ ಬಿಗಿ ಮಾಡಬೇಕಂತೆ. ಆಗ ಹಲಗೆ ಅತ್ತಿತ್ತ ಸ್ವಲ್ಪ ಸರಿದು ತೂತುಗಳು ಒಂದಕ್ಕೊಂದು ಸೇರುತ್ತವೆ. ಇದು ಆರನೇ ಪುಟದಲ್ಲಿತ್ತು. ನಾನು ಎರಡನೇ ಪುಟದಲ್ಲೇ ಜೀವ ಬಿಟ್ಟು ಬಿಗಿ ಮಾಡಿದ್ದೆ. ಹಾಗಾಗಿ ಕೊನೆಯ ಮೂರು ಸ್ಕ್ರೂಗಳಿಗೆ ತೂತು ಸಿಗಲಿಲ್ಲ. ಮೂರೇ ಅಲ್ವಾ ಅಂತ ಕಿಸೆಗೆ ಹಾಕಿಕೊಂಡೆ. ಎದ್ದು ನಿಂತು ನೋಡಿದರೆ ಇನ್ನೊಂದು ಚಂದ. ಹಲಗೆಯ ಪಟ್ಟಿ ಅಂಟಿಸಿದ ನುಣುಪು ಅಂಚು ಗೋಡೆಯ ಕಡೆಗೆ, ಪಟ್ಟಿ ಇಲ್ಲದ ಹಸಿ ಅಂಚು ನನ್ನ ಹೊಟ್ಟೆಯ ಕಡೆಗೆ. ಬಿಚ್ಚಿ ತಿರುಗಿಸುವ ಧೈರ್ಯ ಇರಲಿಲ್ಲ. ಗೋಡೆಗಾದರೂ ಒಳ್ಳೆಯ ಬದಿ ಸಿಗಲಿ.

ಇನ್ನು ಕೋಣೆಗೆ ಒಯ್ಯುವುದೊಂದೇ ಬಾಕಿ. ಹಳೇ ಹಂಚಿನ ಮನೆಯ ಬಾಗಿಲುಗಳು ನಿಮಗೆ ಗೊತ್ತು. ಅಗಲ ಎರಡೂಕಾಲು ಅಡಿ, ತಗ್ಗದೆ ಹೋದರೆ ಹಣೆಗೆ ದಾರಂದ, ತಗ್ಗಿ ಹೋದರೆ ಕಾಲಿಗೆ ಹೊಸಿಲು. ಅಪ್ಪ ಮುಂದೆ, ನಾನು ಹಿಂದೆ. ಮೇಲೆತ್ತಿ ನೋಡಿದೆವು, ಅಡ್ಡ ಮಾಡಿ ನೋಡಿದೆವು, ಕಾಲು ಮುಂದೆ ಮಾಡಿ ನೋಡಿದೆವು. "ಕಾಲು ಮುಂದೆ ಮಾಡಿ ಒಯ್ಯಬೇಡಿ, ಅದು ಬೇರೆ ಕೆಲಸಕ್ಕೆ" ಅಂತ ಅಜ್ಜಿ ಬೈದರು. ಅರ್ಧ ಒಳಗೆ ಹೋಗಿ ನಿಂತಿತು. ಆ ಮೇಲೆ ಒಳಗೂ ಇಲ್ಲ, ಹೊರಗೂ ಇಲ್ಲ.

ರಾತ್ರಿ ನಿದ್ದೆ ಬರದೆ ಫೋನಿನಲ್ಲಿ ಹುಡುಕಿದೆ. ನನ್ನ ಕಷ್ಟಕ್ಕೆ ಗಣಿತದಲ್ಲಿ ಒಬ್ಬ ನೆಂಟ ಇದ್ದಾನೆ. ಎಲ್ ಆಕಾರದಲ್ಲಿ ತಿರುಗುವ ಓಣಿಯೊಳಗೆ ಎಷ್ಟು ದೊಡ್ಡ ಸೋಫಾ ಒಯ್ಯಬಹುದು ಅಂತ 1966ರಲ್ಲಿ ಲಿಯೋ ಮೋಸರ್ ಎಂಬ ಗಣಿತಜ್ಞ ಕೇಳಿದರಂತೆ. 1992ರಲ್ಲಿ ಜೋಸೆಫ್ ಗರ್ವರ್ ಎಂಬವರು ಒಂದು ಆಕಾರ ಕೊಟ್ಟರು. ಓಣಿಯ ಅಗಲ ಒಂದು ಮೀಟರಾದರೆ ಆ ಸೋಫಾದ ವಿಸ್ತೀರ್ಣ ಸುಮಾರು 2.2195 ಚದರ ಮೀಟರು. ಓದಿ ಒಂದು ನಮೂನೆ ಸಮಾಧಾನವಾಯಿತು. 26 ವರ್ಷ ತಲೆ ಕೆಡಿಸಿಕೊಂಡವರು ಇರುವಾಗ ನಮ್ಮದು ಎರಡು ಗಂಟೆ ಯಾವ ಲೆಕ್ಕ? ಮತ್ತೆ ಅವರದ್ದು ಓಣಿ ಮಾತ್ರ ಎಲ್. ನಮ್ಮದು ಮೇಜೇ ಎಲ್.

ಭಾನುವಾರ ಮರದ ಕೆಲಸದ ಆಚಾರ್ರು ಬಂದರು. ಬಾಗಿಲಲ್ಲಿ ಸಿಕ್ಕಿಕೊಂಡ ಮೇಜನ್ನು ನೋಡಿ ಅವರು ನಗಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು. ಹತ್ತು ನಿಮಿಷದಲ್ಲಿ ಎರಡು ಕೈಗಳನ್ನೂ ಬಿಚ್ಚಿ ಒಂದೊಂದಾಗಿ ಕೋಣೆಗೆ ದಾಟಿಸಿ ಮತ್ತೆ ಸೇರಿಸಿದರು. ಮೂಲೆಗೆ ನೂಕಿದರು. ಉದ್ದದ ಕೈ ಗೋಡೆಗೆ ಸರಿಯಾಗಿ ಕೂತಿತು. ಗಿಡ್ಡ ಕೈ ಮೂಲೆಯಿಂದ ಹೊರಟು ಮೆಲ್ಲ ಮೆಲ್ಲ ಗೋಡೆಯಿಂದ ದೂರ ಸರಿಯುತ್ತಾ, ತುದಿಗೆ ಮುಟ್ಟುವಾಗ ಮೂರು ಇಂಚು ಸಂದು.

"ನಿಮ್ಮ ಮೇಜು ಸರಿ ಉಂಟು ಮಾರಾಯ್ರೆ. ಮೂಲೆ ಸರಿ ಇಲ್ಲ."

ನನಗೆ ನಂಬಿಕೆ ಬರಲಿಲ್ಲ. ಅವರು ಒಂದು ಗೋಡೆಯಲ್ಲಿ ಮೂಲೆಯಿಂದ 3 ಅಡಿಗೆ ಪೆನ್ಸಿಲಿನ ಗುರುತು ಹಾಕಿದರು, ಇನ್ನೊಂದರಲ್ಲಿ 4 ಅಡಿಗೆ. ಎರಡು ಗುರುತುಗಳ ನಡುವೆ ಟೇಪು ಎಳೆದರು. ಮೂಲೆ ಸರಿ ಇದ್ದರೆ ಸರಿಯಾಗಿ 5 ಅಡಿ ಬರಬೇಕು. ಬಂದದ್ದು 5 ಅಡಿ 2 ಇಂಚು. ಶಾಲೆಯಲ್ಲಿ ಇದಕ್ಕೆ ಪೈಥಾಗೊರಸನ ಪ್ರಮೇಯ ಅಂತ ಹೆಸರು, ಪರೀಕ್ಷೆಯಲ್ಲಿ ಐದು ಮಾರ್ಕು. ಮೇಜಿಗೆ ಅಳತೆ ತೆಗೆಯುವಾಗ ಅವನ ನೆನಪು ನನಗೆ ಬರಲೇ ಇಲ್ಲ.

"ಆ ಗೋಡೆ ಅಜ್ಜ ಆಮೇಲೆ ಕಟ್ಟಿಸಿದ್ದು" ಅಂತ ಅಜ್ಜಿ ಬಾಗಿಲಿನಿಂದಲೇ ಹೇಳಿದರು. "ಪತ್ತಾಯ ಹಿಡೀಲಿಲ್ಲ. ಮುರಕಲ್ಲಿನವನಿಗೆ ಹೇಳಿ ಸ್ವಲ್ಪ ಓರೆ ಮಾಡಿಸಿದ್ರು. ಆಗ ಸಾಮಾನು ನೋಡಿ ಗೋಡೆ ಕಟ್ತಿದ್ರು."

ಆಚಾರ್ರು ಮೇಜಿನ ಉದ್ದ ಕೇಳಿದರು. 140 ಸೆಂಟಿಮೀಟರು ಅಂದೆ. ಅವರು ಮನಸ್ಸಿನಲ್ಲೇ ಕೋಲಿಗೆ ತಿರುಗಿಸಿದರು. ಒಂದು ಕೋಲು ಅಂದರೆ ಅವರ ಹಳೇ ಲೆಕ್ಕದಲ್ಲಿ 24 ಅಂಗುಲ, 72 ಸೆಂಟಿಮೀಟರು. ಎರಡು ಕೋಲಿಗೆ 4 ಸೆಂಟಿಮೀಟರು ಕಮ್ಮಿ. "ಕೋಲಿಗೂ ಇಲ್ಲ, ಅಂಗುಲಕ್ಕೂ ಇಲ್ಲ, ಇದು ಯಾರ ಲೆಕ್ಕ?" ಅಂತ ನನ್ನನ್ನೇ ನೋಡಿದರು. ಆಮೇಲೆ ಪೊಟ್ಟಣದ ಜೊತೆ ಬಂದ, ಸ್ಕ್ರೂ ಬಿಗಿ ಮಾಡುವ ಬಾಗಿದ ಕಡ್ಡಿ ಅಲೆನ್ ಕೀಯನ್ನು ನೆಲದಿಂದ ಹೆಕ್ಕಿ, ತಮ್ಮ ಮೂಲೆಮಟ್ಟಕ್ಕೆ ಒತ್ತಿ ಹಿಡಿದು ನೋಡಿದರು. "ಈ ಕೋಣೆಯಲ್ಲಿ ಸರಿಯಾದ ಎಲ್ ಇದೊಂದೇ."

ವಾಪಸ್ ಕೊಡುವಂತಿಲ್ಲ. ಜೋಡಿಸಿದ ಸಾಮಾನು ತೆಗೆದುಕೊಳ್ಳುವುದಿಲ್ಲ ಅಂತ ಮಾರಿದವರು ಮೊದಲೇ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ಸಂದಿನಲ್ಲಿ ಮೊದಲ ವಾರ ಎರಡು ಪೆನ್ನು, ಒಂದು ಪೆನ್‌ಡ್ರೈವು, ಅಜ್ಜಿಯ ಸುಣ್ಣದ ಡಬ್ಬಿ ಬಿದ್ದವು. ಸುಣ್ಣದ ಡಬ್ಬಿ ಬಿದ್ದ ಮೇಲೆ ಕೆಲಸ ಬೇಗ ಆಯಿತು. ಆಚಾರ್ರಿಗೆ ಮತ್ತೆ ಫೋನು ಹೋಗಿ, ಅವರು ಹಲಸಿನ ಮರದ ಒಂದು ತುಂಡನ್ನು ಒಂದು ತುದಿ ಚೂಪು, ಒಂದು ತುದಿ ಮೂರು ಇಂಚು ಅಗಲ ಬರುವ ಹಾಗೆ ಕೆತ್ತಿ ಸಂದಿಗೆ ಕೂರಿಸಿದರು. ತುಂಡಿಗೂ ಕೂಲಿಗೂ ಸೇರಿ 600 ರೂಪಾಯಿ. ಆಟಿಯ ಮಳೆಗೆ ಮೇಜಿನ ಹಸಿ ಅಂಚು ನೀರು ಕುಡಿದು ಗೋಳಿಬಜೆಯ ಹಾಗೆ ಉಬ್ಬಿದೆ. ಹಲಸಿನ ತುಂಡಿಗೆ ಏನೂ ಆಗಿಲ್ಲ. ಗಿಡ್ಡ ಕೈ ಫ್ಯಾನಿನ ಕೆಳಗೇ ಬರುವುದರಿಂದ ಅಮ್ಮ ಅಲ್ಲಿ ತೇವ ಬಂದ ಹಪ್ಪಳ ಹರಡುತ್ತಾರೆ. ಹಪ್ಪಳ ಮತ್ತು ಅದರ ಜಾತಿಯದ್ದು ಒಟ್ಟಿಗೆ ಇವೆ.

ಮೂರು ಸ್ಕ್ರೂ ಕಮ್ಮಿಯಾದ ಕಾರಣ ವಾರಕ್ಕೊಮ್ಮೆ ಮೇಜು ಅಲುಗತೊಡಗುತ್ತದೆ. ಬಿಗಿ ಮಾಡಲು ಅಲೆನ್ ಕೀ ಬೇಕು. ಅದು ಕೋಣೆಯಲ್ಲಿಲ್ಲ. ದನದ ಹಟ್ಟಿಯ ಬಾಗಿಲ ಚಿಲಕಕ್ಕೆ ಒಂದು ಕಡ್ಡಿ ಬೇಕಿತ್ತು, ಸರಿಯಾಗಿ ಹಿಡಿಯಿತು ಅಂತ ಅಜ್ಜಿ ಅದನ್ನು ಅಲ್ಲಿ ಸಿಕ್ಕಿಸಿಬಿಟ್ಟಿದ್ದಾರೆ. ಮೊನ್ನೆ ಮೀಟಿಂಗಿನ ನಡುವೆ ಸ್ಕ್ರೀನು ತೂಗಾಡತೊಡಗಿತು. ಮೈಕ್ ಆಫ್ ಮಾಡಿ, ಓಡಿ ಹೋಗಿ ಕೀ ಎಳೆದು ತಂದು, ಮೇಜಿನ ಅಡಿಯಲ್ಲಿ ಬೆನ್ನು ಮೇಲೆ ಮಾಡಿ ಕೂತು ತಿರುಗಿಸುತ್ತಿದ್ದೆ. ಮೇಲಿನಿಂದ ಬೆಂಗಳೂರಿನವರು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಅಂಗಳದಿಂದ ಅಜ್ಜಿಯೂ ಕರೆಯುತ್ತಿದ್ದರು, ಇನ್ನೂ ಜೋರಾಗಿ. ಕರು ತೊಂಡೆ ಚಪ್ಪರದ ಅಡಿಗೆ ಮುಟ್ಟಿಯಾಗಿತ್ತು.