ಕೆಂಪು ಕೋಟಿನ ವರ

ನೆಪೋಲಿಯನ್ನನ ಯುದ್ಧಗಳ ಕಾಲದ ಇಂಗ್ಲೆಂಡಿನಲ್ಲಿ ನಡೆಯುವ ಪ್ರಣಯ ಕಾದಂಬರಿಗಳನ್ನು ಓದುವಾಗ ನನ್ನ ಪಕ್ಷಪಾತವೆಲ್ಲ ನಾಯಕಿಯ ತಾಯಿಯ ಕಡೆಗೆ. ಸ್ಪೇನಿನಲ್ಲಿ ಫಿರಂಗಿಗಳು ಮೊಳಗುತ್ತಿರಲಿ, ಅತ್ತ ಮಾಸ್ಕೋ ಹೊತ್ತಿ ಉರಿಯುತ್ತಿರಲಿ, ಆಕೆಯ ಚಿಂತೆ ಒಂದೇ: ಮುಂದಿನ ವಾರದ ನೃತ್ಯಕೂಟಕ್ಕೆ ಯಾವ ರೆಜಿಮೆಂಟಿನವರು ಬರುತ್ತಾರೆ, ಅವರಲ್ಲಿ ಆಸ್ತಿವಂತರು ಯಾರು? ಬರೆದವರು ನಮ್ಮನ್ನು ನಗಿಸಲೆಂದೇ ಆಕೆಯನ್ನು ಕರೆತಂದಿರುತ್ತಾರೆ, ನಾವೂ ನಗುತ್ತೇವೆ. ಆದರೆ ಆಕೆಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ.

ಮನೆತನದ ಜಮೀನು ಹಿರಿಯ ಮಗನ ಪಾಲಾದರೆ ಕಿರಿಯರಿಗೆ ಉಳಿಯುತ್ತಿದ್ದುದು ಚರ್ಚು ಅಥವಾ ಸೇನೆ. ಸೇನೆಯ ಅಧಿಕಾರವನ್ನೂ ಬಹುಮಟ್ಟಿಗೆ ಹಣ ತೆತ್ತೇ ಕೊಳ್ಳಬೇಕಿತ್ತು. ಕಾಲಾಳು ಪಡೆಯಲ್ಲಿ ತೀರ ಕೆಳಗಿನ ಎನ್‌ಸೈನ್ ಹುದ್ದೆಗೇ 400 ಪೌಂಡು. ಬಡ್ತಿ ಬೇಕೆಂದರೆ ಮತ್ತೆ ಹಣ ಸುರಿಯಬೇಕು, ಇಲ್ಲವೇ ಮೇಲಿನವನೊಬ್ಬ ರಣರಂಗದಲ್ಲಿ ಸಾಯಬೇಕು. ಶಾಂತಿ ಬಂದು ಪಡೆಯನ್ನು ವಿಸರ್ಜಿಸಿದರೆ ಅರ್ಧ ಸಂಬಳದಲ್ಲಿ ಸಂಸಾರ ತೂಗಿಸಬೇಕು. ಹೀಗಾಗಿ ಬ್ರಿಟಿಷ್ ಸೇನೆಯ ಸಮವಸ್ತ್ರವಾದ ಕೆಂಪು ಕೋಟಿನ ಅಳಿಯನನ್ನು ತಂದುಕೊಂಡ ಅತ್ತೆಯು ಅವನ ಏಳಿಗೆಗಾಗಿ ಯುದ್ಧ ನಡೆಯಲೆಂದೂ ಮಗಳ ಮುತ್ತೈದೆತನಕ್ಕಾಗಿ ಅದು ನಿಲ್ಲಲೆಂದೂ ಒಂದೇ ಉಸಿರಿನಲ್ಲಿ ಪ್ರಾರ್ಥಿಸಬೇಕಾಗಿತ್ತು.

ಕಾದಂಬರಿಕಾರರು ಹೆಣೆಯಲು ಹಿಂಜರಿಯಬಹುದಾದ ಕಥೆಯೊಂದು ನಿಜವಾಗಿಯೇ ನಡೆದಿದೆ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, 1793ರಲ್ಲಿ ಐರ್ಲೆಂಡಿನ ಕಿಟ್ಟಿ ಪಾಕೆನ್‌ಹ್ಯಾಮ್ ಎಂಬ ಕನ್ಯೆಯನ್ನು ಕೇಳಿದಾಗ, ಸಾಲಗಾರ ಕಿರಿಯ ಮಗನಿಗೆ ಹೆಣ್ಣು ಕೊಡಲಾರೆವೆಂದು ಅವಳ ಮನೆಯವರು ಮುಖದ ಮೇಲೆ ಹೊಡೆದಂತೆ ಹೇಳಿ ಕಳಿಸಿದರು. ಸಂಗೀತಪ್ರಿಯನಾಗಿದ್ದ ಆತ ತನ್ನ ಪಿಟೀಲುಗಳನ್ನು ಬೆಂಕಿಗೆ ಹಾಕಿ, ಸೇನೆಯನ್ನೇ ನೆಚ್ಚಿ, ಕೆಲವು ವರ್ಷಗಳಲ್ಲಿ ಹಿಂದೂಸ್ಥಾನಕ್ಕೆ ಹೊರಟುಬಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಅವನ ಕೈಗೆ ಬಂತು, ದರಿಯಾ ದೌಲತ್ ಅವನ ವಾಸದ ಮನೆಯಾಯಿತು, ಲೂಟಿಯ ಹಂಚಿಕೆಯಲ್ಲಿ ದೊಡ್ಡ ಮೊತ್ತವೂ ದಕ್ಕಿತು. 1805ರಲ್ಲಿ ಸರ್ ಪದವಿ ಹೊತ್ತು ಆತ ಮರಳುವ ಹೊತ್ತಿಗೆ ಅದೇ ಬೀಗರಿಗೆ ಅದೇ ವರ ಯೋಗ್ಯನಾಗಿ ಕಂಡ. ಕಾವೇರಿಯ ದಡದ ಕೋಟೆ ಬಿದ್ದದ್ದರಿಂದ ಡಬ್ಲಿನ್ನಿನಲ್ಲೊಂದು ಸಂಬಂಧ ಕುದುರಿತು ಎಂದರೆ ಚರಿತ್ರೆಕಾರರು ಮುನಿಯಬಹುದು. ಹೆಣ್ಣು ಹೆತ್ತವರಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಕಾಣದು. ಹತ್ತು ವರ್ಷಕ್ಕೂ ಮೇಲ್ಪಟ್ಟು ಮುಖ ನೋಡದ ಹುಡುಗಿಯನ್ನು ಆತ 1806ರಲ್ಲಿ ಕೈಹಿಡಿದ. ಮದುವೆ ಮಾಡಿಸಿದ ಪಾದ್ರಿ ಅವನ ತಮ್ಮನೇ. ಇವಳು ಕುರೂಪಿಯಾಗಿಬಿಟ್ಟಿದ್ದಾಳಲ್ಲ ಎಂದು ಮದುಮಗ ಆ ತಮ್ಮನ ಕಿವಿಯಲ್ಲಿ ಉಸುರಿದನಂತೆ. ದಾಂಪತ್ಯ ಸುಖವಾಗಿರಲಿಲ್ಲ.

ಕಾದಂಬರಿಕಾರರು ಮತ್ತೆ ಮತ್ತೆ ಹೋಗಿ ನಿಲ್ಲುವ ಜಾಗವೆಂದರೆ 1815ರ ಜೂನ್ 15ರ ರಾತ್ರಿ ಬ್ರಸೆಲ್ಸಿನಲ್ಲಿ ರಿಚ್ಮಂಡಿನ ಡಚೆಸ್ ಏರ್ಪಡಿಸಿದ ನೃತ್ಯಕೂಟ. ಏಳು ಹೆಣ್ಣು, ಏಳು ಗಂಡು ಹೆತ್ತ ತಾಯಿ ಆಕೆ. ನೃತ್ಯಕೂಟ ನಡೆಸಲು ಇನ್ನೇನು ಕಾರಣ ಬೇಕು? ಕುದುರೆಗಾಡಿ ತಯಾರಿಸುವವನೊಬ್ಬನ ಕಾರ್ಖಾನೆಯಾಗಿದ್ದ ಕಟ್ಟಡದ ಗೋಡೆಗೆ ಗುಲಾಬಿ ಬಳ್ಳಿಯ ಚಿತ್ರದ ಕಾಗದ ಅಂಟಿಸಲಾಗಿತ್ತು. ನೆಪೋಲಿಯನ್ ಗಡಿ ದಾಟಿ ಮುನ್ನುಗ್ಗುತ್ತಿರುವ ಸುದ್ದಿ ಅಲ್ಲಿಗೇ ಬಂತು. ಬಟ್ಟೆ ಬದಲಿಸಲೂ ಪುರಸೊತ್ತಿಲ್ಲದೆ ಕೆಲವರು ರೇಷ್ಮೆಯ ಕಾಲುಚೀಲದಲ್ಲಿಯೇ ಮರುದಿನ ಬ್ರಸೆಲ್ಸಿನ ದಕ್ಷಿಣಕ್ಕಿರುವ ಕಾತ್ರ್ ಬ್ರಾ ಎಂಬಲ್ಲಿ ಕಾದಿದರು. ಡಚೆಸ್ಸಳ ಮಗಳು ಜಾರ್ಜಿಯಾನಾಗೆ, ಯುದ್ಧದ ಸುದ್ದಿ ಕೇಳಿ ಹಿರಿಹಿರಿ ಹಿಗ್ಗುತ್ತಿದ್ದ ಹದಿನೆಂಟರ ಲಾರ್ಡ್ ಹೇಯನ್ನು ಕಂಡು ಸಿಟ್ಟೇ ಬಂದಿತ್ತು. ಮರುದಿನ ಆತ ಕಾತ್ರ್ ಬ್ರಾದಲ್ಲಿಯೇ ಸತ್ತ.

ಜಾರ್ಜಿಯಾನಾಳ ಮದುವೆ ನಡೆದದ್ದು 1824ರಲ್ಲಿ. ವರ ಮತ್ತೆ ಸೇನೆಯವನೇ, ಆದರೆ ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್ಲೂ ಕದನ ಮುಗಿದು ಕೆಲವು ವರ್ಷಗಳಾದ ಮೇಲೆ ಸೇರಿದವನು. ಆ ಆಯ್ಕೆಯ ಹಿಂದೆ ಡಚೆಸ್ಸಳ ಕೈವಾಡವೂ ಇದ್ದಿರಲಿ ಎಂದು ನನ್ನ ಆಸೆ.