ಸೆಟ್ ಅಲ್ಲ ಸ್ವಾಮಿ, ಬಾಡಿಗೆ ಮನೆ

ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ನಾರ್ಮಂಡಿ ವಿಲೇಜ್ ಎಂಬ, ಹಳೆಯ ಫ್ರೆಂಚ್ ಹಳ್ಳಿಯಂತೆ ಕಾಣುವ ಬಾಡಿಗೆ ಮನೆಗಳ ಸಮುಚ್ಚಯವಿದೆ. ಅದರ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ಲೇಖಕರು ಅದನ್ನು ‘ಸಿನಿಮಾ ಸೆಟ್’ ಎಂದು ತಳ್ಳಿಹಾಕಿದ್ದು ಸರಿ ಕಾಣಲಿಲ್ಲ. ಸೆಟ್ಟಾದರೆ ಶೂಟಿಂಗ್ ಮುಗಿದ ಮೇಲೆ ಬಿಚ್ಚುತ್ತಾರೆ. ಇಲ್ಲಿ 1920ರ ದಶಕದ ಕೊನೆಯಿಂದಲೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಗೋಡೆಯನ್ನೇ ಹತ್ತಿರದಿಂದ ನೋಡಿ: ಭಟ್ಟಿಯಲ್ಲಿ ಅತಿಯಾಗಿ ಬೆಂದು, ಕಪ್ಪಾಗಿ, ಸೊಟ್ಟಗಾದ ಇಟ್ಟಿಗೆ! ನಮ್ಮ ಮೇಸ್ತ್ರಿಗಳು ಮುಟ್ಟಿಯೂ ನೋಡದಂಥದ್ದನ್ನು ವಾಸ್ತುಶಿಲ್ಪಿ ವಿಲಿಯಂ ಯೆಲ್ಯಾಂಡ್ ಬೇಕೆಂದೇ ಬಳಸಿದ್ದಾರೆ. ಹೊಸ ಕಟ್ಟಡಕ್ಕೆ ಹಳೆಯ ಫ್ರೆಂಚ್ ಹಳ್ಳಿಯ ಕಳೆ ಬಂದಿರುವುದು ಅದರಿಂದಲೇ. ಹೊರಗಿನ ಆ ಸುತ್ತುಮೆಟ್ಟಿಲಲ್ಲಿ ಫ್ರಿಜ್ ಹತ್ತಿಸುವವರ ಪಾಡು ದೇವರಿಗೇ ಪ್ರೀತಿ, ಅದು ಬೇರೆ ಮಾತು. ಅಂದಹಾಗೆ, ಅದೇ ಊರಿನ ಶ್ಯಾಟಕ್ ಅವೆನ್ಯೂದಲ್ಲಿ 1925ರ ಟಪ್ಪರ್ ಆ್ಯಂಡ್ ರೀಡ್ ಸಂಗೀತದಂಗಡಿಯ ಕಟ್ಟಡವೂ ಯೆಲ್ಯಾಂಡ್ ಅವರದೇ ವಿನ್ಯಾಸ. ಅದರ ಫೋಟೋ ಒಂದನ್ನಾದರೂ ಹಾಕಬೇಕಿತ್ತು.