ಹುಲಿ ಕೊಂದ ರೈತ ಬದುಕಿದ್ದಾನೆಯೇ?

‘ಹುಲಿ ಕೊಂದ ರೈತ: ಊರಿನಲ್ಲಿ ಆತಂಕ’ ಎಂದು ಪತ್ರಿಕೆಯಲ್ಲಿ ತಲೆಬರಹ ಬಂತು ಅನ್ನಿ. ಹಾರ ಹಿಡಿದುಕೊಂಡು ಆ ರೈತನ ಮನೆಗೆ ಹೋಗಬೇಕು, ಅಷ್ಟು ಖಚಿತ. ಹಾರವನ್ನು ಅವನ ಕೊರಳಿಗೆ ಹಾಕಬೇಕೋ ಫೋಟೋಗೆ ಹಾಕಬೇಕೋ ಎಂಬುದು ಮಾತ್ರ ತಲೆಬರಹದಿಂದ ಗೊತ್ತಾಗುವುದಿಲ್ಲ. ರೈತ ಹುಲಿಯನ್ನು ಕೊಂದಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಿಡಿದು ಅರಣ್ಯ ಇಲಾಖೆಯವರು ಬರುತ್ತಾರೆ. ಹುಲಿ ರೈತನನ್ನು ಕೊಂದಿದ್ದರೂ ಅರಣ್ಯ ಇಲಾಖೆಯವರೇ ಬರುತ್ತಾರೆ, ಪರಿಹಾರದ ಕಾಗದ ಹಿಡಿದು. ಹಾಗಾಗಿ ಬಾಗಿಲಲ್ಲಿ ಜೀಪು ನಿಂತಿದೆ ಎಂಬುದರಿಂದಲೂ ಅರ್ಥ ಬಗೆಹರಿಯದು.

ತಪ್ಪು ಹುಲಿಯದಲ್ಲ, ರೈತನದೂ ಅಲ್ಲ. ‘ಕೊಂದ’ ಎಂಬ ಪದದ್ದು. ಕನ್ನಡದ ಪೂರ್ಣ ಕ್ರಿಯಾಪದಕ್ಕೆ ಬಾಲ ಇರುತ್ತದೆ: ಕೊಂದನು, ಕೊಂದಳು, ಕೊಂದರು, ಕೊಂದಿತು. ಬಾಲ ನೋಡಿದರೆ ಪ್ರಾಣಿ ಯಾವುದೆಂದು ತಿಳಿಯುತ್ತದೆ. ಅದೇ ಕ್ರಿಯಾಪದವನ್ನು ಒಂದು ನಾಮಪದದ ಮುಂದೆ ವಿಶೇಷಣವಾಗಿ ಕೂರಿಸುವಾಗ ಬಾಲ ಕತ್ತರಿಸಿ ‘ಕೊಂದ’ ಎಂದಷ್ಟೇ ಉಳಿಸುತ್ತೇವೆ. ಶಾಲೆಯ ವ್ಯಾಕರಣ ಇದನ್ನು ಕೃದಂತ ಎನ್ನುತ್ತದೆ. ಕೊಂದವರು ಯಾರು, ಸತ್ತವರು ಯಾರು ಎಂಬ ವಿವರವೆಲ್ಲ ಕತ್ತರಿಸಿದ ಬಾಲದ ಜೊತೆ ಹೋಯಿತು.

ಇದರ ಮೇಲೆ ‘ಅನ್ನು’ವಿನ ಗೈರುಹಾಜರಿ ಬೇರೆ. ಪ್ರಾಣಿಗೂ ವಸ್ತುವಿಗೂ ದ್ವಿತೀಯಾ ವಿಭಕ್ತಿ ಹಚ್ಚದೆಯೇ ಕನ್ನಡದಲ್ಲಿ ಬದುಕು ಸಾಗುತ್ತದೆ: ಕಾಫಿ ಕುಡಿದೆ, ಹಸು ಕೊಂಡೆ, ಹಾವು ಹೊಡೆದೆ. ಮನುಷ್ಯರ ವಿಷಯದಲ್ಲಿ ಈ ಸಡಿಲ ನಡೆಯುವುದಿಲ್ಲ. ‘ರೈತ ಕೊಂದ ಹುಲಿ’ ಎಂದರೆ ಸತ್ತದ್ದು ಹುಲಿಯೇ, ಯಾರಿಗೂ ಅನುಮಾನವಿಲ್ಲ. ರೈತ ಸತ್ತಿದ್ದರೆ ‘ರೈತನನ್ನು ಕೊಂದ ಹುಲಿ’ ಎಂದೇ ಬರೆಯಬೇಕಿತ್ತು. ಕಾಯ್ದೆ ಕೊಟ್ಟ ರಕ್ಷಣೆ ಹುಲಿಗೆ ವ್ಯಾಕರಣದಲ್ಲಿ ಇನ್ನೂ ಸಿಕ್ಕಿಲ್ಲ.

‘ಹುಲಿ ತಿಂದ ಮೇಕೆ’, ‘ಮೇಕೆ ತಿಂದ ಹುಲಿ’ ಎರಡರಲ್ಲೂ ನಾವು ಎಡವುವುದಿಲ್ಲ. ಮೇಕೆಗಳ ಊಟದ ಅಭ್ಯಾಸ ನಮಗೆ ಗೊತ್ತಿರುವುದರಿಂದ ವಾಕ್ಯ ಹೇಗಿದ್ದರೂ ಹೊಟ್ಟೆಗೆ ಹೋದದ್ದು ಮೇಕೆಯೇ. ಎರಡೂ ಕಡೆಯವರಿಗೆ ಆ ಕೆಲಸ ಮಾಡುವ ತಾಕತ್ತಿದ್ದಾಗಲೇ ಕಷ್ಟ. ರಿಪೇರಿ ಮಾತ್ರ ಅಗ್ಗ. ‘ಹುಲಿಯನ್ನು ಕೊಂದ ರೈತ’ ಎಂದರೆ ಎರಡೇ ಅಕ್ಷರ ಹೆಚ್ಚು. ಇನ್ನೊಂದು ಅರ್ಥಕ್ಕೆ ‘ಹುಲಿಗೆ ಬಲಿಯಾದ ರೈತ’. ‘ಹುಲಿಯಿಂದ ಕೊಲ್ಲಲ್ಪಟ್ಟ ರೈತ’ ಎಂದೂ ಬರೆಯಬಹುದು, ಆದರೆ ಅದನ್ನು ಓದಿದರೆ ರೈತ ಎರಡನೇ ಸಲ ಸಾಯುತ್ತಾನೆ.

ಎರಡರ್ಥವಿಲ್ಲದೆಯೂ ದಾರಿ ತಪ್ಪಿಸುವ ವಾಕ್ಯಗಳಿವೆ. ‘ಸಚಿವರು ಐದು ಲಕ್ಷ ರೂಪಾಯಿ ಲಂಚ ಪಡೆದ ಅಧಿಕಾರಿಯನ್ನು ಅಮಾನತು ಮಾಡಿದರು.’ ಓದುವವರು ‘ಪಡೆದ’ಕ್ಕೆ ಬರುವ ಹೊತ್ತಿಗೆ ಸಚಿವರ ರಾಜೀನಾಮೆ ಕೇಳಿ ಆಗಿರುತ್ತದೆ. ಮುಂದಿನ ಪದದಲ್ಲಿ ಅಧಿಕಾರಿ ಪ್ರತ್ಯಕ್ಷನಾಗಿ ಸಚಿವರನ್ನು ಪಾರುಮಾಡುತ್ತಾನೆ. ಮೊಬೈಲಿನಲ್ಲಿ ಸಾಲು ‘ಪಡೆದ’ದ ಬಳಿ ತುಂಡಾದರೆ ಪಾರಾಗುವುದೂ ಅನುಮಾನ. ಇಂಥವಕ್ಕೆ ಇಂಗ್ಲಿಷಿನವರು ‘ಗಾರ್ಡನ್ ಪಾತ್’ ಎಂದು ಹೆಸರಿಟ್ಟಿದ್ದಾರೆ, ತೋಟದ ದಾರಿ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂರುವುದರಿಂದ ಈ ತೋಟದಲ್ಲಿ ಎಷ್ಟು ದೂರ ಬೇಕಾದರೂ ಸುತ್ತಾಡಿಸಬಹುದು: ಸಚಿವರಿಗೂ ‘ಮಾಡಿದರು’ಗೂ ನಡುವೆ ಲಂಚ, ಅಧಿಕಾರಿ, ಅವನ ತಾಲ್ಲೂಕು, ಅವನ ಹಿಂದಿನ ಹಗರಣ, ಎಲ್ಲವನ್ನೂ ತುರುಕಿದರೂ ವ್ಯಾಕರಣ ತುಟಿ ಬಿಚ್ಚುವುದಿಲ್ಲ.

ಹಳಗನ್ನಡದ ಪದ್ಯ ಕಲಿಸುವ ಮೇಷ್ಟ್ರುಗಳು ಇದಕ್ಕೆ ಹಿಂದಿನಿಂದಲೂ ಒಂದು ಮದ್ದು ಇಟ್ಟುಕೊಂಡಿದ್ದಾರೆ. ಅದರ ಹೆಸರು ಅನ್ವಯ. ಮೊದಲು ವಾಕ್ಯದ ಕೊನೆಗೆ ಹೋಗಿ ಬಾಲವಿರುವ ಕ್ರಿಯಾಪದವನ್ನು ಹಿಡಿಯಬೇಕು. ಆಮೇಲೆ ಅದನ್ನೇ ಕೇಳಬೇಕು: ಯಾರು? ಏನನ್ನು? ಮಾಡಿದರು. ಯಾರು? ಸಚಿವರು. ಏನನ್ನು? ಅಮಾನತು. ಯಾರನ್ನು? ಅಧಿಕಾರಿಯನ್ನು. ಎಂಥ ಅಧಿಕಾರಿ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರವೇ ಲಂಚ ಪಡೆದವನು. ಬರೆಯುವವರಿಗೆ ಇದೇ ಮದ್ದು ತಿರುಗಾಮುರುಗಾ: ಕರ್ತೃವನ್ನು ಎಳೆದು ತಂದು ಅದರ ಕ್ರಿಯಾಪದದ ಪಕ್ಕ ಕೂರಿಸಿ. ‘ಐದು ಲಕ್ಷ ರೂಪಾಯಿ ಲಂಚ ಪಡೆದ ಅಧಿಕಾರಿಯನ್ನು ಸಚಿವರು ಅಮಾನತು ಮಾಡಿದರು.’ ಒಂದೂ ಪದ ಸೇರಿಸಿಲ್ಲ, ತೆಗೆದಿಲ್ಲ. ಸಚಿವರು ಮೂರು ಮಾರು ದೂರ ಸರಿದು ಕಳಂಕದಿಂದ ಮುಕ್ತರಾದರು.

‘ನಿನ್ನೆ ಬಂದ ಮೇಷ್ಟ್ರ ಮಗನ ಸ್ಕೂಟರು’ ಎಂಬಲ್ಲಿ ಬಂದವರು ಮೇಷ್ಟ್ರೋ, ಮಗನೋ, ಸ್ಕೂಟರೋ? ಮೂರಕ್ಕೂ ಅವಕಾಶವಿದೆ. ಬರವಣಿಗೆಯಲ್ಲಿ ಇದನ್ನು ಬಿಡಿಸುವುದು ಹಿಂಸೆ. ಜಗಲಿಯ ಕನ್ನಡ ಮಾತ್ರ ಚಿಟಿಕೆಯಲ್ಲಿ ಬಿಡಿಸುತ್ತದೆ: ‘ನಿನ್ನೆ ಬಂದರಲ್ಲ ಮೇಷ್ಟ್ರು, ಅವರ ಮಗನ ಸ್ಕೂಟರು’, ‘ನಿನ್ನೆ ಬಂದನಲ್ಲ ಮೇಷ್ಟ್ರ ಮಗ, ಅವನ ಸ್ಕೂಟರು’, ‘ಮೇಷ್ಟ್ರ ಮಗಂದು ನಿನ್ನೆ ಬಂತಲ್ಲ ಸ್ಕೂಟರು’. ಬಂದರು, ಬಂದನು, ಬಂತು. ಬಾಲ ವಾಪಸ್ ಬಂದದ್ದೇ ತಡ, ಸ್ಕೂಟರು ಯಜಮಾನನ ಮನೆ ಸೇರಿತು. ಹೀಗೆ ಬರೆದರೆ ಅಶಿಷ್ಟ ಎಂದು ಕೆಂಪು ಗೀಟು ಎಳೆಯುವವರು ತಮ್ಮ ಶಿಷ್ಟ ವಾಕ್ಯವನ್ನು ಬರೆದು ತೋರಿಸಲಿ.

‘ಇಲ್ಲ’ ಬಂದರೂ ಬಾಲ ಬಿದ್ದುಹೋಗುತ್ತದೆ. ‘ನಾಳೆ ಬರ್ತೀನಿ’, ‘ನಾಳೆ ಬರ್ತಾರೆ’ ಎಂಬ ಸಂದೇಶಗಳಲ್ಲಿ ಬರುವುದು ಯಾರೆಂದು ಅಷ್ಟಿಷ್ಟು ಗೊತ್ತಾಗುತ್ತದೆ. ‘ನಾಳೆ ಬರಲ್ಲ’ ಎಂದರೆ ಹಾಲಿನವನೋ, ಕೆಲಸದವಳೋ, ನೀರೋ, ಬೀಗರೋ? ನಾಲ್ವರಿಗೂ ಒಂದೇ ‘ಬರಲ್ಲ’. ಇನ್ನು ‘ನಾನು ಬರಲ್ಲ ಅಂತ ಸುರೇಶ ಹೇಳಿದ’ ಎಂಬುದಂತೂ ಮದುವೆಮನೆಯ ಎಲೆ ಲೆಕ್ಕ ಕೆಡಿಸುವ ವಾಕ್ಯ. ಸುರೇಶ ತಾನು ಬರುವುದಿಲ್ಲ ಎಂದನೋ, ಈ ಮಾತು ಹೇಳುತ್ತಿರುವವರು ಬರುವುದಿಲ್ಲ ಎಂದು ಚಾಡಿ ಹೇಳಿದನೋ? ಪುಸ್ತಕದ ಕನ್ನಡದಲ್ಲಿ ‘ತಾನು’ ಇದೆ. ಆಡುಮಾತಿನಲ್ಲಿ ಅದಕ್ಕಿಂತ ಚುರುಕಾದದ್ದು ‘ಅಂತೆ’: ‘ಸುರೇಶ ಬರಲ್ವಂತೆ.’ ಒಂದು ಎಲೆ ಕಡಿಮೆ, ಜಗಳವಿಲ್ಲ.

‘ಎಲ್ಲರೂ ಬರಲಿಲ್ಲ’ ಎಂದರೆ ಸಭೆ ಖಾಲಿಯೋ, ಅರ್ಧ ತುಂಬಿತ್ತೋ? ಖಾಲಿಯಾಗಿದ್ದರೆ ‘ಯಾರೂ ಬರಲಿಲ್ಲ’ ಎನ್ನಿ, ಅರ್ಧ ತುಂಬಿದ್ದರೆ ‘ಕೆಲವರು ಬರಲಿಲ್ಲ’ ಎನ್ನಿ. ಇದಕ್ಕಿಂತ ಅಪಾಯಕಾರಿ ಜೋಡಿ ‘ಹಾಗೆ’ ಮತ್ತು ‘ಇಲ್ಲ’. ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟು ಕೇಸರಿಬಾತು ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರೊಬ್ಬರು ಹೆಣ್ಣಿನ ತಂದೆಗೆ, ‘ನಮ್ಮ ಹುಡುಗ ನಿಮ್ಮ ಹಾಗೆ ಕುಡಿಯೋದಿಲ್ಲ’ ಎಂದರೆ ಅದು ಹೊಗಳಿಕೆಯೂ ಆಗಬಹುದು, ಸಂಬಂಧ ಮುರಿದ ಮಾತೂ ಆಗಬಹುದು. ‘ಇಲ್ಲ’ ಎಂಬುದು ಕುಡಿಯುವುದನ್ನು ಮಾತ್ರ ಅಲ್ಲಗಳೆಯುತ್ತದೋ, ‘ನಿಮ್ಮ ಹಾಗೆ’ಯನ್ನೂ ಸೇರಿಸಿ ಅಲ್ಲಗಳೆಯುತ್ತದೋ, ವಾಕ್ಯ ಹೇಳುವುದಿಲ್ಲ. ಹೋಲಿಕೆಯನ್ನೇ ಕಿತ್ತುಹಾಕಿ: ‘ನಮ್ಮ ಹುಡುಗನೂ ಕುಡಿಯೋದಿಲ್ಲ.’ ಆ ‘ಊ’ಕಾರದಲ್ಲಿ ಬೀಗರ ಮರ್ಯಾದೆ ಇದೆ.

ಬೋರ್ಡುಗಳ ಮೇಲಿನ ‘ಶುದ್ಧ ಹಸುವಿನ ತುಪ್ಪ’ದ ಬಗ್ಗೆ ಎಲ್ಲರೂ ನಕ್ಕು ಮುಗಿಸಿದ್ದಾರೆ; ಶುದ್ಧವನ್ನು ತುಪ್ಪದ ಪಕ್ಕಕ್ಕೆ ಸರಿಸಿದರೆ ಹಸು ಮಡಿಯಿಂದ ಪಾರು. ‘ವಯಸ್ಸಾದ ಗಂಡಸರು ಮತ್ತು ಹೆಂಗಸರು ಮುಂದಿನ ಸಾಲಿನಲ್ಲಿ ಕೂರಬೇಕು’ ಎಂದು ಮೈಕಿನಲ್ಲಿ ಹೇಳಿದರೆ ಮುಂದಿನ ಸಾಲಿಗೆ ಒಬ್ಬ ಹೆಂಗಸೂ ಬರುವುದಿಲ್ಲ. ‘ಹೆಂಗಸರು ಮತ್ತು ವಯಸ್ಸಾದ ಗಂಡಸರು’ ಎಂದು ತಿರುಗಿಸಿದರೆ ಸಾಲು ತುಂಬುತ್ತದೆ.

ಅಡುಗೆಯ ಬರಹದಲ್ಲಿ ಇದೇ ದೋಷ ನಾಲಿಗೆಗೆ ತಟ್ಟುತ್ತದೆ. ಅಂಬೊಡೆಗೆ ‘ಒಂದು ಲೋಟ ನೆನೆಸಿದ ಕಡಲೆಬೇಳೆ’ ಎಂದಿದೆ. ಅಳೆದು ನೆನೆಸಬೇಕೋ, ನೆನೆಸಿ ಅಳೆಯಬೇಕೋ? ಒಣ ಬೇಳೆ ಒಂದು ಲೋಟ ನೆನೆಹಾಕಿದರೆ ಉಬ್ಬಿ ಹೆಚ್ಚುಕಡಿಮೆ ಎರಡು ಲೋಟವಾಗುತ್ತದೆ. ಬರೆದವರು ನೆನೆದ ಮೇಲಿನ ಅಳತೆ ಹೇಳಿದ್ದು, ಓದಿದವರು ಒಣಗಿದ್ದನ್ನು ಅಳೆದದ್ದು ಆದರೆ ಉಪ್ಪು, ಖಾರ, ಶುಂಠಿ ಎಲ್ಲ ಅರ್ಧಕ್ಕೆ ಇಳಿದು ಅಂಬೊಡೆ ಪಥ್ಯದ ತಿಂಡಿಯಾಗುತ್ತದೆ. ‘ಕಡಲೆಬೇಳೆ ಒಂದು ಲೋಟ, ಎರಡು ಗಂಟೆ ನೆನೆಸಿ’ ಎಂದು ಕೆಲಸ ನಡೆಯುವ ಕ್ರಮದಲ್ಲೇ ಬರೆದರೆ ತೊಂದರೆಯಿಲ್ಲ.

ಆ ‘ಎರಡು ಗಂಟೆ’ಯ ಮೇಲೂ ಒಂದು ಕಣ್ಣಿರಲಿ. ‘ಎರಡು ಗಂಟೆಯೊಳಗೆ ಹಣ ಕಟ್ಟಿ’ ಎಂದು ಬೆಳಿಗ್ಗೆ ಹತ್ತಕ್ಕೆ ಹೇಳಿದರೆ ಗಡುವು ಹನ್ನೆರಡಕ್ಕೋ ಎರಡಕ್ಕೋ? ಗಡಿಯಾರದ ಮುಳ್ಳಿಗೂ ಹೊತ್ತಿನ ಅಳತೆಗೂ ಕನ್ನಡ ಒಂದೇ ಪದ ಇಟ್ಟುಕೊಂಡಿದೆ. ‘ಮಧ್ಯಾಹ್ನ ಎರಡರೊಳಗೆ’ ಎಂದರೆ ಮುಳ್ಳು, ‘ಇನ್ನೆರಡು ತಾಸಿನಲ್ಲಿ’ ಎಂದರೆ ಅಳತೆ. ಉತ್ತರ ಕರ್ನಾಟಕದವರು ದಿನಬಳಕೆಯಲ್ಲೇ ‘ತಾಸು’ ಉಳಿಸಿಕೊಂಡಿರುವುದರಿಂದ ಈ ಒಂದು ವಿಷಯದಲ್ಲಿ ಉಳಿದವರಿಗಿಂತ ಬುದ್ಧಿವಂತರು.

ಇಷ್ಟನ್ನೆಲ್ಲ ದೋಷ ಎಂದರೆ ಕವಿಗಳು ಒಪ್ಪುವುದಿಲ್ಲ. ಸಂಸ್ಕೃತದ ಅಲಂಕಾರಶಾಸ್ತ್ರ ಗ್ರಂಥ ಕಾವ್ಯಾದರ್ಶದಲ್ಲಿ ದಂಡಿ ಹತ್ತು ದೋಷಗಳನ್ನು ಎಣಿಸುವಾಗ ‘ಸಸಂಶಯ’ವನ್ನೂ ಸೇರಿಸಿದ್ದಾನೆ, ನಿಜ. ಆದರೆ ಬೇಕೆಂದೇ ಎರಡರ್ಥ ಹೂಡಿದರೆ ಶ್ಲೇಷ, ಅದು ಅಲಂಕಾರ. ‘ಮಂತ್ರಿಗಳು ಬಂದರು ನೋಡಿದರು’ ಎಂದು ಮಂಗಳೂರಿನಿಂದ ವರದಿ ಕಳಿಸುವವರು ಮೊದಲೇ ತೀರ್ಮಾನಿಸಬೇಕು: ಅಲ್ಪವಿರಾಮ ಹಾಕಿದರೆ ಮಂತ್ರಿಗಳು ಸುಮ್ಮನೆ ಬಂದು ನೋಡಿದರು, ‘ಬಂದರನ್ನು’ ಎಂದರೆ ಹಡಗುಗಳನ್ನೂ ನೋಡಿದರು, ಎರಡೂ ಬಿಟ್ಟರೆ ವರದಿಗಾರರು ಕವಿಗಳಾದರು.

ಕೊನೆಗೆ ಸಂಜೆಯ ಸಂದೇಶ: ‘ಈರುಳ್ಳಿ ಇಲ್ಲ ಟೊಮೆಟೊ ತನ್ನಿ’. ಈರುಳ್ಳಿ ಮುಗಿದಿದೆ, ಅದರ ಜೊತೆ ಟೊಮೆಟೊ ಕೂಡ ತನ್ನಿ. ಈರುಳ್ಳಿ ಇಲ್ಲದ ಅಡುಗೆ, ಟೊಮೆಟೊ ಮಾತ್ರ ತನ್ನಿ. ಈರುಳ್ಳಿಯನ್ನೋ, ಇಲ್ಲದಿದ್ದರೆ ಟೊಮೆಟೊವನ್ನೋ ತನ್ನಿ. ಬಾಯಲ್ಲಿ ಹೇಳಿದ್ದರೆ ಎಲ್ಲಿ ತಡೆದರು, ಯಾವುದನ್ನು ಎಳೆದರು ಎಂಬುದರಲ್ಲೇ ಗೊತ್ತಾಗುತ್ತಿತ್ತು. ಬರಹದಲ್ಲಿ ಅಲ್ಪವಿರಾಮ ಇಲ್ಲ, ಫೋನ್ ಮಾಡಿದರೆ ಆ ಕಡೆ ಕುಕ್ಕರಿನ ಸೀಟಿ. ಇಲ್ಲಿ ಅನ್ವಯ ಮಾಡುತ್ತಾ ತರಕಾರಿಯವನ ಮುಂದೆ ನಿಲ್ಲುವುದಕ್ಕಿಂತ ಎರಡನ್ನೂ ಅರ್ಧರ್ಧ ಕೆಜಿ ಕೊಳ್ಳುವುದು ಅಗ್ಗ. ಈರುಳ್ಳಿ ಹೇಗೂ ಬೇಗ ಕೆಡುವುದಿಲ್ಲ.